ಮೂರು ಬಕೀಟುಗಳ ಜಾಗ

ನಮ್ಮ ಮನೆಯ ಕಸವನ್ನು ನಾನು ಒಂದೇ ದಿನದಲ್ಲಿ ಸರಿದಾರಿಗೆ ತಂದೆ. ಜಂಭ ಅಂದರೆ ಅನ್ನಿ, ಬೇಸರವಿಲ್ಲ. ಹದಿನೆಂಟು ವರ್ಷದಿಂದ ಬಸ್ ಡಿಪೋದ ಸ್ಟೋರ್ ನೋಡಿಕೊಳ್ಳುತ್ತಿರುವವಳು ನಾನು. ಯಾವ ನಟ್ಟು, ಯಾವ ಬೆಲ್ಟು ಎಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅಂಥವಳ ಮನೆಯಲ್ಲಿ ಹಾಲಿನ ಕವರು, ತರಕಾರಿ ಸಿಪ್ಪೆ, ಹಳೇ ಪೇಪರು ಎಲ್ಲ ಒಂದೇ ಚೀಲದಲ್ಲಿ ಕೊಳೆಯುವುದೆಂದರೆ ನಾಚಿಕೆಗೇಡು.

ಪಕ್ಕದ ಮನೆಗೆ ಬಣ್ಣ ಬಳಿಯುತ್ತಿದ್ದ ಪೇಂಟರನ ಹತ್ತಿರ ಮುಚ್ಚಳವಿದ್ದ ಮೂರು ಖಾಲಿ ಬಕೀಟು, ಉಳಿದ ಬಣ್ಣ ಎರಡನ್ನೂ ಕೇಳಿ ತಂದೆ. ಸಿಪ್ಪೆಗೆ ಹಸಿರು, ಕಾಗದಕ್ಕೆ ನೀಲಿ, ಪ್ಲಾಸ್ಟಿಕ್ಕು ಮತ್ತು ಡಬ್ಬಿಗಳಿಗೆ ಕೆಂಪು. ಸಿಂಕಿನ ಪಕ್ಕದಿಂದ ಬಾಗಿಲ ಕಡೆಗೆ ಅದೇ ಕ್ರಮದಲ್ಲಿ ಸಾಲಾಗಿಟ್ಟೆ. ಸಿಪ್ಪೆ ಹಿತ್ತಿಲ ಗೊಬ್ಬರದ ಗುಂಡಿಗೆ, ಉಳಿದೆರಡು ಮಂಗಳವಾರ ಬರುವ ಕಸದ ಗಾಡಿಯವಳಿಗೆ.

"ಇದೆಲ್ಲಾ ಅಮ್ಮನಿಗೆ ನೆನಪಿರುತ್ತಾ?" ಎಂದರು ನನ್ನವರು.

ಆ ಪ್ರಶ್ನೆಯ ಹಿಂದೆ ಒಂದು ಕಥೆಯಿತ್ತು. ಎರಡು ತಿಂಗಳ ಹಿಂದೆ ಅತ್ತೆ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದರು. ಆಮೇಲೊಮ್ಮೆ ಬಿಸಿ ಹಾಲು ಕೈಮೇಲೆ ಚೆಲ್ಲಿಕೊಂಡರು. ನನ್ನವರು ಅದಕ್ಕೆ ಮರೆವು ಎಂದು ಹೆಸರಿಟ್ಟು, ಅಡುಗೆಯವರನ್ನು ಗೊತ್ತುಮಾಡಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸುತ್ತೇನೆಂದು ಹಟ ಹಿಡಿದಿದ್ದರು. ಅತ್ತೆಗೆ ಅಡುಗೆಮನೆಯೇ ಜೀವ. "ಒಲೆ ಮುಂದೆ ನಿಲ್ಲಬೇಡ ಅಂದ್ರೆ ನನ್ನನ್ನ ಕ್ಯಾಲೆಂಡರ್ ಜೊತೆ ಗೋಡೆಗೆ ತಗುಲಿಹಾಕಿಬಿಡಿ," ಎಂದು ಅವರು ಅಂದಾಗ ನಾನು ನಕ್ಕಿದ್ದೆ, ಆದರೆ ಅದು ಬರೀ ತಮಾಷೆಯಲ್ಲವೆಂದು ಗೊತ್ತಿತ್ತು.

"ಒಂದು ತಿಂಗಳು ನೋಡಿ," ಎಂದೆ ನನ್ನವರಿಗೆ. "ಕಸ ಬೇರೆ ಮಾಡೋದ್ರಲ್ಲಿ ಅತ್ತೆ ತಪ್ಪಿದ್ರೆ ನೀವು ಹೇಳಿದ ಹಾಗೆ. ಇಲ್ಲಾಂದ್ರೆ ಅಡುಗೆಯವರ ಮಾತು ಎತ್ತಬಾರದು."

ಮೂರು ವಾರ ಅತ್ತೆ ಎಳ್ಳಷ್ಟೂ ತಪ್ಪಲಿಲ್ಲ. ತಪ್ಪಿದ್ದು ಅವರ ಮಗ. ನನ್ನವರು ಗಡಿಯಾರ ರಿಪೇರಿ ಮಾಡುವವರು. ಹೊಸ ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸಿಪ್ಪೆಯೊಳಗೆ ಎಸೆದಿದ್ದರು. ಅದು ಅತ್ತೆಯ ಬೆರಳಿಗೆ ಸಿಕ್ಕಿತು.

"ಗಡಿಯಾರದೊಳಗಿನ ಹುಡಿ ಕಾಣುತ್ತೆ, ಇಷ್ಟು ದೊಡ್ಡ ಬಕೀಟು ಕಾಣಲ್ವೇನೋ?" ಎಂದು ಅತ್ತೆ ಗದರಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಂದ್ಯ ಗೆದ್ದೇಬಿಟ್ಟೆ ಅಂದುಕೊಂಡೆ.

ನಾಲ್ಕನೇ ವಾರದ ಭಾನುವಾರ ಮೂರೂ ಬಕೀಟು ತೊಳೆದು, ಬಿಸಿಲಲ್ಲಿ ಒಣಗಿಸಿ, ಒಳಗೆ ತಂದಿಟ್ಟೆ. ಸೋಮವಾರವಿಡೀ ನನಗೆ ಡಿಪೋದಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ನೀಲಿ, ಕೆಂಪು ಎರಡನ್ನೂ ಗೇಟಿಗೆ ಒಯ್ದೆ. ಗಾಡಿಯವಳು ಮುಚ್ಚಳ ತೆಗೆದವಳೇ ಮುಖ ಸಿಂಡರಿಸಿದಳು.

"ಏನಕ್ಕಾ ಇದು? ಪ್ಲಾಸ್ಟಿಕ್ ಬಕೀಟಲ್ಲಿ ಸಿಪ್ಪೆ, ಪೇಪರ್ ಬಕೀಟಲ್ಲಿ ಹಾಲಿನ ಕವರು! ಹೀಗೆ ಕೊಟ್ರೆ ನಾನೇನು ಮಾಡ್ಲಿ?"

ಬೀದಿಗೆ ಬೀದಿಯೇ ಕೇಳುವ ಗಂಟಲು ಅವಳದು. ನಾನು ಬಕೀಟುಗಳನ್ನು ವಾಪಸು ತಂದು ಸಿಂಕಿನ ಪಕ್ಕ ಇದ್ದಲ್ಲೇ ಕುಕ್ಕಿದೆ. ಬಾಗಿಲಲ್ಲಿ ನಿಂತಿದ್ದ ನನ್ನವರು ಜಗಳವಾಡಲಿಲ್ಲ. "ನಾಳೆಯಿಂದ ಬರೋಕೆ ಅಡುಗೆಯವರಿಗೆ ಹೇಳ್ತೀನಿ," ಎಂದು ಫೋನ್ ತರಲು ಒಳಗೆ ಹೋದರು.

ನನಗೆ ಕೋಪ ನೆತ್ತಿಗೇರಿತು. "ಅತ್ತೆ, ಮೂರು ವಾರ ಸರಿಯಾಗಿ ಹಾಕಿದೋರು ಈಗೇನು ಮಾಡ್ಕೊಂಡ್ರಿ?"

"ವಯಸ್ಸಾಯ್ತು ಕಣೇ. ಮರೆತೆ."

ಈ ಮಾತೇ ನನಗೆ ವಿಚಿತ್ರವೆನಿಸಿತು. ನನ್ನತ್ತೆ ವಯಸ್ಸಾಯಿತೆಂದು ಒಪ್ಪಿಕೊಳ್ಳುವ ಪೈಕಿಯವರಲ್ಲ. ಹೇಳುತ್ತಲೇ ಅವರು ಹೆಚ್ಚಿದ ತರಕಾರಿಯ ಸಿಪ್ಪೆಯನ್ನು ಹಿಡಿಯಲ್ಲಿ ತೆಗೆದುಕೊಂಡು, ಇನ್ನೊಂದು ಕೈಯಿಂದ ಸಿಂಕಿನ ಅಂಚು ಸವರುತ್ತಾ ಬಂದು, ಅಂಚು ಮುಗಿದಲ್ಲಿ ಬಗ್ಗಿ, ಮುಚ್ಚಳ ಎತ್ತಿ ಹಾಕಿದರು. ನನ್ನ ಕಣ್ಣೆದುರೇ, ಕೆಂಪು ಬಕೀಟಿಗೆ. ಅವರು ಬಕೀಟಿನ ಕಡೆ ನೋಡಿಯೇ ಇರಲಿಲ್ಲ.

ಅದೇ ಬಕೀಟನ್ನು ಎತ್ತಿ ಅವರ ಮುಖದ ಮುಂದೆ ಹಿಡಿದೆ.

"ಅತ್ತೆ, ಇದು ಯಾವ ಬಣ್ಣ?"

ಬಕೀಟಿನ ಅಂಚನ್ನು ಬೆರಳಿಂದ ಸವರಿ, "ಹಸಿರು," ಎಂದರು.

"ಯಾವಾಗಿಂದ ಕಾಣ್ತಿಲ್ಲ?"

"ವರ್ಷ ಆಯ್ತೇನೋ. ಎಲ್ಲಾ ಮಂಜು ಮಂಜು." ಸೆರಗಿನಿಂದ ಕೈ ಒರೆಸಿಕೊಂಡರು. "ಮರೆವು ಅಂದ್ರೆ ನೀನು ಜಗಳವಾಡಿಯಾದ್ರೂ ಇನ್ನೊಂದು ತಿಂಗಳು ಪರೀಕ್ಷೆ ಇಡಿಸ್ತೀಯ. ಕಣ್ಣಿಲ್ಲ ಅಂದ್ರೆ ಇವತ್ತೇ ಒಲೆ ಆರಿಸ್ತೀರ."

ನಮ್ಮ ಸ್ಟೋರಿನಲ್ಲಿ ಒಂದು ನಿಯಮವಿದೆ: ಪೆಟ್ಟಿಗೆಯ ಜಾಗ ಬದಲಾದರೆ ಬೋರ್ಡಿನ ಮೇಲೆ ಬರೆಯಬೇಕು. ಇಲ್ಲದಿದ್ದರೆ ಮೆಕ್ಯಾನಿಕ್ಕಿನ ಕೈ ಹಳೇ ಜಾಗಕ್ಕೇ ಹೋಗುತ್ತದೆ. ಇದನ್ನು ಮುರಿದವರಿಗೆ ನಾನು ಎಷ್ಟು ಸಲ ಬೈದು ನೀರಿಳಿಸಿದ್ದೇನೋ. ಭಾನುವಾರ ಬಕೀಟುಗಳನ್ನು ಕೈಗೆ ಸಿಕ್ಕ ಹಾಗೆ ಇಟ್ಟವಳೂ ನಾನೇ. ಚಹಾಕ್ಕೆ ಉಪ್ಪು ಬಿದ್ದ ಹಿಂದಿನ ದಿನ ಕಪಾಟು ಒರೆಸಿ ಉಪ್ಪು ಸಕ್ಕರೆಯ ಡಬ್ಬಿಗಳನ್ನು ಅದಲುಬದಲು ಇಟ್ಟವಳೂ ನಾನೇ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಫೋನ್ ಕಿವಿಗಿಟ್ಟುಕೊಂಡಿದ್ದ ನನ್ನವರ ಹತ್ತಿರ ಹೋಗಿ ಅದನ್ನು ಕಿತ್ತುಕೊಂಡೆ.

"ತಪ್ಪಿದ್ದು ಅತ್ತೆ ಅಲ್ಲ, ನಾನು. ಜಾಗ ಬದಲಾಯಿಸಿ ಹೇಳಲಿಲ್ಲ. ಅವರು ಏನೂ ಮರೆತಿಲ್ಲ ಕಣ್ರೀ. ಒಂದೊಂದೂ ನೆನಪಿಟ್ಟುಕೊಂಡಿದ್ದಕ್ಕೇ ಎಲ್ಲಾ ತಪ್ಪಾಗಿದ್ದು. ಅವರಿಗೆ ಕಣ್ಣು ಕಾಣ್ತಿಲ್ಲ."

ಅವರು ಅಡುಗೆಮನೆಗೆ ಬಂದು ಅಮ್ಮನ ಮುಂದೆ ನಿಂತರು. "ದಿನಾ ಕೂದಲಿನಷ್ಟು ಸಣ್ಣ ಮುಳ್ಳು ನೋಡ್ತೀನಿ. ಅಮ್ಮನ ಕಣ್ಣು ನೋಡಲಿಲ್ಲ," ಎಂದರು. ಅಡುಗೆಯವರಿಗೆ ಮತ್ತೆ ಫೋನ್ ಹೋಗಲಿಲ್ಲ.

ಕಣ್ಣಿನ ಡಾಕ್ಟರು, ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಅಲ್ಲಿಯವರೆಗೆ ಒಲೆ ಹಚ್ಚುವಾಗ ನಮ್ಮಲ್ಲೊಬ್ಬರು ಪಕ್ಕದಲ್ಲಿ ನಿಲ್ಲುತ್ತಿದ್ದರು, ಕೈ ಹಾಕುತ್ತಿರಲಿಲ್ಲ. ಬಕೀಟುಗಳು ಹಳೇ ಕ್ರಮಕ್ಕೆ ಮರಳಿದವು. ಅಲುಗಾಡದಂತೆ ನೆಲಕ್ಕೆ ಮರದ ಪಟ್ಟಿ ಬಡಿದೆ. ಚಮಚದ ಜಾಗ ಬದಲಾದರೂ ನನ್ನವರು "ಅಮ್ಮಾ, ಚಮಚ ಬಲಗಡೆ!" ಎಂದು ಕೂಗಿ ಹೇಳುತ್ತಿದ್ದರು.

ಎರಡನೇ ಕಣ್ಣಿನ ಆಪರೇಷನ್ ಆಗಿ, ಡಾಕ್ಟರು ಇನ್ನು ಎಲ್ಲ ಕೆಲಸ ಮಾಡಬಹುದೆಂದ ದಿನ ಅತ್ತೆ ನೇರವಾಗಿ ಅಡುಗೆಮನೆಗೆ ಹೋಗಿ ಬಕೀಟುಗಳ ಸಾಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಇದಾ ನಿನ್ನ ಹಸಿರು? ಎಂಥಾ ದರಿದ್ರ ಬಣ್ಣ ಕಣೇ!"

ಆಮೇಲೆ ಬಗ್ಗಿ, ಹಸಿರು ಬಕೀಟನ್ನು ಪಟ್ಟಿಯಿಂದೆತ್ತಿ ಬಾಗಿಲ ಪಕ್ಕ ಇಟ್ಟರು. ಕೆಂಪನ್ನು ಸಿಂಕಿನ ಪಕ್ಕಕ್ಕೆ ತಂದರು.

"ಇನ್ಮೇಲೆ ನಿನಗೆ ಹೇಗೆ ಬೇಕೋ ಹಾಗಿಡು," ಎಂದರು.

ಅವತ್ತು ಸಂಜೆ ಸಿಪ್ಪೆಯನ್ನು ಕೆಂಪು ಬಕೀಟಿಗೆ ಹಾಕಿ ಬೈಸಿಕೊಂಡವಳು ನಾನು.