ಸುಕ್ಕಿನ ಅಂಗಿ, ಇಸ್ತ್ರಿ ಅಜ್ಜಿ

ಮೊದಲೆಲ್ಲ ಮೊಮ್ಮಗಳು ಗುಬ್ಬಿ ಶಾಲೆಯಿಂದ ಬಂದವಳೇ ಇಸ್ತ್ರಿ ಮೇಜಿನ ತುದಿಗೆ ಹತ್ತಿ ಕೂರುತ್ತಿದ್ದಳು. ಬಾಯಿ ತೆರೆದರೆ, ಅಜ್ಜಿ ಕೊನೆಯ ಅಂಗಿ ಮಡಚುವ ತನಕ ಮುಚ್ಚುತ್ತಿರಲಿಲ್ಲ. ಈಗ ಫೋನ್ ನೋಡಿ ನಗುತ್ತಾಳೆ, ಅಜ್ಜಿಯನ್ನು ನೋಡಿ ‘ಹೂಂ’ ಎನ್ನುತ್ತಾಳೆ. ಅಜ್ಜಿಗೆ ಆ ಹರಟೆ ಬೇಕಿತ್ತು. ಅದನ್ನು ಮರಳಿ ಪಡೆಯುವ ದಾರಿ ಗೊತ್ತಿರಲಿಲ್ಲ.

ಮನೆಯ ಮುಂದೆಯೇ ಇಸ್ತ್ರಿ ಅಂಗಡಿ ಇಟ್ಟಿದ್ದ ಅವಳು ಬೀದಿಯವರಿಗೆಲ್ಲ ಇಸ್ತ್ರಿ ಅಜ್ಜಿ. ಸುಕ್ಕು ಕಂಡರೆ ಅವಳ ಕೈ ಸುಮ್ಮನಿರದು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ತೋಳನ್ನೂ ಸವರಿ ನೇರ ಮಾಡಿ, ‘ತಪ್ಪು ತಿಳೀಬೇಡಿ’ ಅನ್ನುವ ಹೆಂಗಸು.

ಒಂದು ಶನಿವಾರ ಬೆಳಿಗ್ಗೆ ಬಚ್ಚಲಮನೆಯ ಬಕೆಟ್ಟಿನ ಹಿಂದೆ ಗುಬ್ಬಿಯ ಬಿಳಿ ಅಂಗಿ ಸಿಕ್ಕಿತು. ಒದ್ದೆ ಅಂಗಿಯನ್ನು ಹಗ್ಗದಂತೆ ಹೊಸೆದು, ಅಲ್ಲಲ್ಲಿ ದಾರ ಬಿಗಿದು ಇಡಲಾಗಿತ್ತು. “ಪಾಪ, ಹಿಂಡಿಟ್ಟು ಮರೆತಿದ್ದಾಳೆ” ಎಂದುಕೊಂಡಳು ಅಜ್ಜಿ. ಗಂಟು ಬಿಚ್ಚಿದಳು, ಗಂಜಿ ಹಾಕಿದಳು, ಇಸ್ತ್ರಿ ತಿಕ್ಕಿದಳು. ತೋಳಿನ ಗೆರೆ ತರಕಾರಿ ಹೆಚ್ಚಬಹುದಾದಷ್ಟು ಚೂಪಾಯಿತು. ಖುಷಿಯಿಂದ ಬಾಗಿಲಿಗೆ ನೇತುಹಾಕಿದಳು.

ಗುಬ್ಬಿ ಎದ್ದು ಬಂದವಳು ಕಿರುಚಿಕೊಂಡಳು. “ಅಜ್ಜೀ! ಯಾರು ಬಿಚ್ಚಿದ್ದು ಇದನ್ನ?”

“ನಾನೇ ಕಣೇ. ಹೆಂಗೆ ಫಳಫಳ ಅಂತಿದೆ ನೋಡು!”

“ಸುಕ್ಕು ಬರ್ಲಿ ಅಂತಾನೇ ಕಟ್ಟಿಟ್ಟಿದ್ದೆ! ನಾಳೆ ಪಾರ್ಕಲ್ಲಿ ನಮ್ಮ ಗ್ಯಾಂಗ್ ಎಲ್ಲ ಸುಕ್ಕು ಬಟ್ಟೆ ಹಾಕ್ಕೊಂಡು ವಿಡಿಯೋ ಮಾಡ್ತಾ ಇದೀವಿ. ಅದೇ ನಮ್ಮ ಸ್ಟೈಲು. ನಾನೊಬ್ಬಳೇ ಬ್ಯಾಂಕ್ ಮ್ಯಾನೇಜರ್ ಥರ ಹೋಗ್ಲಾ? ಫುಲ್ ಕ್ರಿಂಜ್!” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಜ್ಜಿಯ ಮಗ, ಅಂದರೆ ಗುಬ್ಬಿಯ ಅಪ್ಪ, ಬಸ್ ಓಡಿಸುವವನು. ಡ್ಯೂಟಿ ಬೂಟು ಹಾಕಿಕೊಳ್ಳುತ್ತಿದ್ದವನು ತಲೆಯೆತ್ತಿದ. “ಏನಂದ್ಲಮ್ಮ ಅವಳು? ಬೈದ್ಲಾ?”

“ಯಾರಿಗೊತ್ತಪ್ಪ. ಅರ್ಥ ಆಗಿದ್ರೆ ನಾನೂ ತಿರುಗಿಸಿ ಬೈತಿದ್ದೆ.”

“ಇಸ್ತ್ರಿ ಮನೇಲಿ ಹುಟ್ಟಿ ಸುಕ್ಕು ಬೇಕಂತೆ! ಆ ಫೋನ್ ಕಿತ್ತಿಟ್ರೆ ಎಲ್ಲ ನೆಟ್ಟಗಾಗುತ್ತೆ.”

ಅಷ್ಟರಲ್ಲಿ ಸಮವಸ್ತ್ರ ಒಯ್ಯಲು ಎದುರುಮನೆ ನರ್ಸಮ್ಮ ಬಂದಳು. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸ್ಟೂಲು ಎಳೆದು ಕೂತಳು.

“ಕ್ರಿಂಜ್ ಅಂದ್ರೆ ಬೈಗುಳ ಅಲ್ಲ ಅಜ್ಜಿ. ನೋಡೋರಿಗೇ ನಾಚಿಕೆ ಆಗೋ ಥರ ಇದೆ ಅಂತ. ನನ್ನ ಮಗನ ಹತ್ರ ದಿನಾ ಅನ್ನಿಸ್ಕೊತೀನಿ.”

“ಇದೇನು ಭಾಷೆಯೇ ತಾಯಿ! ಮಕ್ಕಳು ಹಾಳಾಗ್ತಿಲ್ವಾ?”

“ಮಾತು ಹೊಸದಾದ್ರೆ, ಬಟ್ಟೆ ಸುಕ್ಕಾದ್ರೆ ಯಾರೂ ಹಾಳಾಗಲ್ಲ. ನೀವು ಚಿಕ್ಕೋರಿದ್ದಾಗ ಗೆಳತೀರ ಜೊತೆ ದೊಡ್ಡೋರಿಗೆ ತಿಳೀದಂಗೆ ಮಾತಾಡ್ಲಿಲ್ವಾ?”

ಅಜ್ಜಿಯ ಕೈ ಇಸ್ತ್ರಿಪೆಟ್ಟಿಗೆಯ ಮೇಲೇ ನಿಂತಿತು. ಬಟ್ಟೆ ಒಗೆಯುವ ತೊಟ್ಟಿಯ ಸುತ್ತ ಲಂಗ ಎತ್ತಿ ಕಟ್ಟಿದ ಹುಡುಗಿಯರು ಕಣ್ಣ ಮುಂದೆ ಬಂದರು. ಅಕ್ಷರಕ್ಕೊಂದು ‘ಕ’ ಸೇರಿಸಿ ಆಡುತ್ತಿದ್ದ ಮಾತು. ‘ಕಅಕಮ್ಮ ಕಬಂಕದ್ಲು!’ ಅಮ್ಮ ಬಂದಳು ಎಂದು ಒಬ್ಬಳು ಉಸುರಿದರೆ ಸಾಕು, ಎಲ್ಲರೂ ಸಭ್ಯರಾಗಿ ಬಟ್ಟೆ ಕುಕ್ಕುತ್ತಿದ್ದರು. ನೆನೆದು ಅಜ್ಜಿಗೆ ಕಿಸಕ್ಕನೆ ನಗು ಬಂತು.

ನರ್ಸಮ್ಮ ಗುಬ್ಬಿಯ ಅಪ್ಪನ ಕಡೆ ತಿರುಗಿದಳು. “ಅಣ್ಣ, ಫೋನ್ ಕಿತ್ಕೊಂಡ್ರೆ ಅವಳ ಬಾಯಿಗೂ ಬೀಗ ಬೀಳುತ್ತೆ. ಆನ್‌ಲೈನಲ್ಲಿ ಒಳ್ಳೇರೂ ಇದಾರೆ, ಕೆಟ್ಟೋರೂ ಇದಾರೆ. ನಾಳೆ ಯಾವನೋ ಕಾಟ ಕೊಟ್ರೆ, ಮನೇಲಿ ಹೇಳಿದ್ರೆ ಫೋನ್ ಹೋಗುತ್ತೆ ಅಂತ ಮಗು ಒಬ್ಬಳೇ ನುಂಗ್ಕೊಳ್ಳುತ್ತೆ. ಅಣಕಿಸ್ಬೇಡಿ, ಕೇಳಿ. ಅವರ ಲೋಕದೊಳಗೆ ಒಂದು ಕಾಲಿಡಿ.”

ಅವನು ಬೂಟಿನ ದಾರ ಕಟ್ಟುವುದನ್ನು ನಿಲ್ಲಿಸಿದ್ದ.

ಅಜ್ಜಿ ಅಂಗಿ ಕೈಗೆತ್ತಿಕೊಂಡು ಗುಬ್ಬಿಯ ಬಾಗಿಲು ತಟ್ಟಿದಳು. “ಕೇಳದೆ ಬಿಚ್ಚಿದ್ದು ನನ್ನ ತಪ್ಪು ಕಣೇ. ಜೀವಮಾನ ಎಲ್ಲ ಸುಕ್ಕು ತೆಗೆದೆ, ಹಾಕೋದು ಹೆಂಗೆ ಅಂತ ಗೊತ್ತಿಲ್ಲ. ಹೇಳಿಕೊಡ್ತೀಯಾ?”

ಬಾಗಿಲು ಒಂದು ಗೇಣು ತೆರೆಯಿತು. “ನಿಜವಾಗ್ಲೂ?”

ಇಬ್ಬರೂ ಗಂಜಿ ತೊಳೆದು, ಅಂಗಿಯ ಎರಡು ತುದಿ ಹಿಡಿದು ಹೊಸೆದರು. ಅಜ್ಜಿಯ ಬೆರಳಿಗೆ ಬಟ್ಟೆಯ ಮರ್ಮ ಗೊತ್ತು. “ಹಿಂಗೆ ಸಣ್ಣ ಮಡಿಕೆ ಹಿಡಿದು ತಿರುಚು, ಆಮೇಲೆ ಬಿಸಿಬಿಸಿ ಆವಿ ಕೊಡೋಣ. ನಾಳೆ ತನಕ ಕಾಯೋದೇ ಬೇಡ.” ಬಿಚ್ಚಿದಾಗ ಅಂಗಿ ತುಂಬ ಎಳೆಎಳೆಯಾದ ಅಲೆ.

“ಅಜ್ಜಿ, ಸ್ಲೇ!” ಗುಬ್ಬಿ ಕುಣಿದಳು. “ಅಂದ್ರೆ, ಧೂಳೆಬ್ಬಿಸಿಬಿಟ್ಟೆ ಅಂತ!”

“ಕಥ್ಯಾಂಕಕ್ಸು” ಎಂದಳು ಅಜ್ಜಿ. ತೊಟ್ಟಿಯ ಭಾಷೆಯ ಕಥೆ ಕೇಳಿ ಗುಬ್ಬಿ ಮೇಜಿನ ತುದಿಗೆ ಹತ್ತಿ ಕೂತಳು. ಮೊದಲಿನ ಹಾಗೆಯೇ. ಹರಟೆ ಗ್ಯಾಂಗಿನ ಮಾತಿಗೆ ಬಂತು. ಗುಬ್ಬಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಅಜ್ಜಿ... ಬೈಯಲ್ಲ ತಾನೇ? ನಮ್ಮ ಫೋನಿನ ಗುಂಪಿಗೆ ಹೊಸದಾಗಿ ಒಬ್ಬರು ಸೇರಿದಾರೆ. ಹುಡುಗಿ ಅಂತಾರೆ, ಯಾರೂ ಮುಖ ನೋಡಿಲ್ಲ. ನನ್ನ ಫೋಟೋ ಮಾತ್ರ ಕೇಳ್ತಾನೇ ಇರ್ತಾರೆ. ನಾಳೆ ಎಲ್ಲರಿಗಿಂತ ಮುಂಚೆ ಪಾರ್ಕಿಗೆ ಒಬ್ಬಳೇ ಬಾ, ಮನೇಲಿ ಹೇಳ್ಬೇಡ ಅಂದಿದಾರೆ.”

ಅಜ್ಜಿಯ ದನಿ ಏರಲಿಲ್ಲ. “ನನಗೆ ಹೇಳಿ ಒಳ್ಳೇದು ಮಾಡಿದೆ ಮಗಳೇ. ನಿನ್ನದೇನೂ ತಪ್ಪಿಲ್ಲ” ಎಂದು ತಲೆ ಸವರಿದಳು.

ಇನ್ನೂ ಡ್ಯೂಟಿಗೆ ಹೊರಡದಿದ್ದ ಅಪ್ಪನಿಗೂ ಹೇಳಿ, ನರ್ಸಮ್ಮನನ್ನು ಮತ್ತೆ ಕರೆದರು. “ಉತ್ತರ ಕೊಡ್ಬೇಡ. ಮೆಸೇಜ್ ಅಳಿಸ್ಲೂಬೇಡ, ಸ್ಕ್ರೀನ್‌ಶಾಟ್ ತೆಗೆದಿಡು, ಅದೇ ಸಾಕ್ಷಿ. ಆಮೇಲೆ ಬ್ಲಾಕ್ ಮಾಡಿ ರಿಪೋರ್ಟ್ ಮಾಡು. ಗೆಳತೀರಿಗೂ ಹೇಳು, ಅವರನ್ನೂ ಕರೆದಿರಬಹುದು” ಎಂದಳು.

ಅಪ್ಪ ಬೂಟು ಬಿಗಿದು ಎದ್ದ. “ಪೊಲೀಸರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಡಿಪೋಗೆ ಫೋನ್ ಮಾಡಿ ತಡ ಆಗುತ್ತೆ ಅಂತ ತಿಳಿಸ್ತೀನಿ.”

“ನನ್ನ ಫೋನು?” ಗುಬ್ಬಿ ಮೆಲ್ಲಗೆ ಕೇಳಿದಳು.

“ನಿನ್ನ ಹತ್ರಾನೇ ಇರ್ಲಿ” ಎಂದ ಅಪ್ಪ. “ ಏನಾದ್ರೂ ಆದ್ರೆ ಇವತ್ತಿನ ಹಾಗೇ ಬಾಯಿ ಬಿಟ್ಟು ಹೇಳು. ಅಷ್ಟು ಸಾಕು.”

ದೂರು ಕೊಟ್ಟು ಬಂದರು. ಪಾರ್ಕು ಬಿಟ್ಟು, ಭಾನುವಾರ ಗ್ಯಾಂಗ್ ಇಸ್ತ್ರಿ ಅಂಗಡಿಯ ಮುಂದೆಯೇ ಸೇರಿತು. ಒಬ್ಬಳ ಕೂದಲು ನೇರಳೆ, ಇನ್ನೊಬ್ಬನ ಪ್ಯಾಂಟಿನಲ್ಲಿ ಇಬ್ಬರು ಹಿಡಿಸುತ್ತಾರೆ. ಎಲ್ಲರೂ ಅಜ್ಜಿಗೆ ಬಗ್ಗಿ ನಮಸ್ಕರಿಸಿದರು. ಅಜ್ಜಿ ಒಬ್ಬೊಬ್ಬರ ಅಂಗಿಗೂ ಆವಿ ಹಿಡಿದಳು. ಒಬ್ಬನ ಕಾಲರು ನೇರ ಮಾಡಲು ಹೋದ ಕೈಯನ್ನು ಮಾತ್ರ ಗುಬ್ಬಿ ಸಮಯಕ್ಕೆ ಸರಿಯಾಗಿ ಹಿಡಿದಳು.

ಸಂಜೆ ಅಂಗಡಿಯ ಬೋರ್ಡಿನ ಕೆಳಗೆ ಗುಬ್ಬಿಯ ಅಕ್ಷರದಲ್ಲಿ ಒಂದು ಸಾಲು ಸೇರಿತು: ‘ಇಲ್ಲಿ ಸುಕ್ಕು ತೆಗೆದುಕೊಡಲಾಗುವುದು. ಕೇಳಿದರೆ ಹಾಕಿಯೂ ಕೊಡಲಾಗುವುದು.’

ಅಪ್ಪ ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮಗುವಿನ ಬಾಯಲ್ಲಿ ತಿಳಿಯದ ಮಾತು ಬಂದರೆ ಗದರಬೇಡಿ. ‘ಹಾಗಂದ್ರೇನು, ನನಗೂ ಹೇಳು’ ಎನ್ನಿ. ಮಕ್ಕಳೇ, ಮುಖ ಕಾಣದವರು ಫೋಟೋ ಕೇಳಿದರೆ, ಒಬ್ಬರೇ ಬರಲು ಹೇಳಿದರೆ, ಮನೆಯಲ್ಲಿ ಹೇಳಬೇಡ ಎಂದರೆ, ಮೊದಲು ಮನೆಯಲ್ಲೇ ಹೇಳಿ. ಬಟ್ಟೆಯಲ್ಲಿ ಸುಕ್ಕಿದ್ದರೆ ಇರಲಿ ಬಿಡಿ. ಮನೆಯವರ ನಡುವೆ ಮಾತು ನಿಲ್ಲದಿರಲಿ. ಇವತ್ತು ಸಂಜೆಯೇ ನಿಮ್ಮ ಗುಬ್ಬಿಯ ಪಕ್ಕ ಹೋಗಿ ಕೂತುಕೊಳ್ಳಿ.