ಬೆಣ್ಣೆಯ ಉಪವಾಸ

ಅಕ್ಕ ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಅದೂ ಆಪರೇಷನ್ ಆದವರ ವಾರ್ಡಿನಲ್ಲಿ. ಹೊಟ್ಟೆ ಕೊಯ್ಸಿಕೊಂಡವರಾರೂ ಅವಳ ಕಣ್ಣು ತಪ್ಪಿಸಿ ಒಂದು ಗುಟುಕು ನೀರು ಕುಡಿದದ್ದಿಲ್ಲ. "ಹೊಟ್ಟೆಯ ಗಾಳಿ ಹೋಯ್ತಾ? ಇಲ್ವಾ? ಹಾಗಾದ್ರೆ ತುಟಿ ಒದ್ದೆ ಮಾಡ್ತೀನಿ, ಅಷ್ಟೇ" ಎನ್ನುತ್ತಿದ್ದಳು. ರೋಗಿಗಳು ಒಳಗೊಳಗೇ ಬೈದುಕೊಳ್ಳುತ್ತಿದ್ದರು, ಮನೆಗೆ ಹೋಗುವಾಗ ಕೈ ಮುಗಿಯುತ್ತಿದ್ದರು. ಅಕ್ಕ ನಿವೃತ್ತಳಾದರೂ ಅವಳ ಗತ್ತು ನಿವೃತ್ತವಾಗಿರಲಿಲ್ಲ.

ಆ ಗತ್ತನ್ನು ನಂಬಿಯೇ ತಂಗಿ ತನ್ನ ಮೊಲಗಳನ್ನು ತಂದು ಅವಳ ಮನೆಯಲ್ಲಿ ಬಿಟ್ಟಳು. ಬಿಳಿಯದು ಬೆಣ್ಣೆ, ಹೆಣ್ಣು; ಕರಿಯದು ಮಸಿ, ಗಂಡು. ತಂಗಿಯ ಗಂಡ ಕಾಯಿಲೆ ಬೀಳುವ ಹಿಂದಿನ ವರ್ಷ ಎರಡನ್ನೂ ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ತಂದಿದ್ದ. ಅವನು ಹೋದ ಮೇಲೆ ಆ ಮನೆಯಲ್ಲಿ ಓಡಾಡುವ ಜೀವವೆಂದರೆ ಅವೆರಡೇ. ಹೆಣ್ಣು ಮೊಲಕ್ಕೆ ವಯಸ್ಸಾದರೆ ಗರ್ಭಕೋಶದಲ್ಲಿ ಗಡ್ಡೆಯಾಗಬಹುದು, ಮೊದಲೇ ತೆಗೆಸಿಬಿಡಿ ಎಂದು ವೈದ್ಯರು ಹೇಳಿದ್ದರು. ಉಳಿಸಿಕೊಳ್ಳಬೇಕೆಂದೇ ತಂಗಿ ಬೆಣ್ಣೆಗೆ ಆಪರೇಷನ್ ಮಾಡಿಸಿದಳು. ಅದೇ ಸಂಜೆ ಕೆಲಸದ ಮೇಲೆ ಎರಡು ದಿನ ಬೇರೆ ಊರಿಗೆ ಹೋಗಲೇಬೇಕಾಗಿ ಬಂತು.

"ಅಕ್ಕ, ಎಲ್ಲಾ ಚೀಟೀಲಿ ಬರ್ದಿದೀನಿ. ಓದ್ತೀಯ ತಾನೇ?"

"ಅಜ್ಜಿಗೆ ಕೆಮ್ಮು ಕಲಿಸ್ತೀಯೇನೇ? ಬಸ್ಸು ತಪ್ಪುತ್ತೆ, ಹೊರಡು."

ಚೀಟಿ ಕನ್ನಡಕದ ಡಬ್ಬಿಯ ಕೆಳಗೆ ಮಡಚಿದ ಹಾಗೇ ಉಳಿಯಿತು.

ಆರೈಕೆಯಲ್ಲಿ ಅಕ್ಕ ಕೂದಲೆಳೆಯಷ್ಟೂ ಕೊರತೆ ಮಾಡಲಿಲ್ಲ. ಗೂಡಿಗೆ ಒಗೆದ ಬಟ್ಟೆ ಹಾಸಿದಳು. ಬಿಸಿನೀರಿನ ಬಾಟಲಿಗೆ ಟವಲು ಸುತ್ತಿ ಬೆನ್ನಿಗೆ ಆನಿಸಿದಳು. ಹೊಲಿಗೆ ಒಣಗಿದೆಯೇ ಎಂದು ಮತ್ತೆ ಮತ್ತೆ ಬಗ್ಗಿ ನೋಡಿದಳು. ಪಕ್ಕದ ಗೂಡಿನಲ್ಲಿ ಮಸಿ ಒಣಹುಲ್ಲು ಕರಕರ ಕಡಿಯುತ್ತಿತ್ತು. ಬೆಣ್ಣೆ ಕಂಬಿಯ ಸಂದಿಯಲ್ಲಿ ಮೂತಿ ತೂರಿಸಿ ಒಂದೆಳೆ ಹುಲ್ಲು ಎಳೆದುಕೊಂಡಿತು. ಅಕ್ಕ ಅದನ್ನು ಬಾಯಿಂದ ಮೆಲ್ಲಗೆ ಬಿಡಿಸಿ, ಗೂಡನ್ನು ದೂರ ಸರಿಸಿದಳು.

"ತಾಳು ಮಗಳೇ. ಮೊದಲು ಹಿಕ್ಕೆ ಹಾಕು, ಆಮೇಲೆ ಊಟ."

ಮರುದಿನ ಮಧ್ಯಾಹ್ನವಾದರೂ ಹಿಕ್ಕೆ ಬೀಳಲಿಲ್ಲ. ಬೆಣ್ಣೆ ಮೂಲೆಯಲ್ಲಿ ಮುದುರಿ ಕೂತು ಹಲ್ಲು ಮಸೆಯುತ್ತಿತ್ತು. ಕಿವಿ ಮುಟ್ಟಿದರೆ ತಣ್ಣಗಿತ್ತು. ಅಕ್ಕ ಅದನ್ನು ಎದೆಗವಚಿಕೊಂಡು ವೈದ್ಯರ ಬಳಿ ಓಡಿದಳು.

"ಏನು ತಿಂತು ಇದು?" ವೈದ್ಯರು ಹೊಟ್ಟೆ ಒತ್ತಿ ನೋಡುತ್ತ ಕೇಳಿದರು.

"ಏನೂ ಕೊಟ್ಟಿಲ್ಲ ಡಾಕ್ಟ್ರೇ. ಹನಿ ನೀರು ಸಹ." ಅಕ್ಕನ ದನಿಯಲ್ಲಿ ಹೆಮ್ಮೆಯಿತ್ತು.

ವೈದ್ಯರ ಕೈ ನಿಂತಿತು. "ಮೊಲ ಹಸಿದಿರಬಾರದಮ್ಮ. ತಿಂತಾ ಇದ್ರೇನೇ ಅದರ ಕರುಳು ಓಡೋದು. ತಿಂದ್ರೆ ತಾನೇ ಹಿಕ್ಕೆ ಬರೋದು?"

ಅವರು ಸೂಜಿ ಚುಚ್ಚಿದರು, ಪಿಚಕಾರಿಯಲ್ಲಿ ಬಾಯಿಗೆ ಗಂಜಿ ಹಾಕಿ ನೋಡಿದರು. ಸಂಜೆಯ ಹೊತ್ತಿಗೆ ಬೆಣ್ಣೆ ಅಕ್ಕನ ಅಂಗೈಯಲ್ಲೇ ಪ್ರಾಣ ಬಿಟ್ಟಿತು. ಅಕ್ಕ ಅದನ್ನು ಟವಲಿನಲ್ಲಿ ಸುತ್ತಿ ಮನೆಗೆ ತಂದು, ತಂಗಿಗೆ ಫೋನು ಮಾಡಿದಳು.

ಸುದ್ದಿ ಕೇಳಿ ತಂಗಿ ಬೆಳಗ್ಗೆಯೇ ಬಂದಳು. ಅಳುತ್ತಲೇ ಬೆಣ್ಣೆಯನ್ನು ಮಸಿಯ ಪಕ್ಕ ಮಲಗಿಸಿದಳು. ಜೊತೆಯದು ಸತ್ತದ್ದನ್ನು ಕಣ್ಣಾರೆ ನೋಡದಿದ್ದರೆ ಉಳಿದ ಮೊಲ ದಿನಗಟ್ಟಲೆ ಹುಡುಕುತ್ತದಂತೆ. ಮಸಿ ಮೂಸಿತು, ಬೆಣ್ಣೆಯ ಕಿವಿ ನೆಕ್ಕಿತು, ಆಮೇಲೆ ಅದರ ಕುತ್ತಿಗೆಯ ಮೇಲೆ ಗಲ್ಲ ಇಟ್ಟು ಕೂತಿತು.

"ನಾನೇ ಕೊಂದೆ. ಸುಮ್ನಿದ್ದ ಜೀವಕ್ಕೆ ಆಪರೇಷನ್ ಮಾಡ್ಸಿದ್ನಲ್ಲಾ" ಎಂದಳು ತಂಗಿ.

ಹೌದೆಂದು ತಲೆಯಾಡಿಸಿದ್ದರೆ ಅಕ್ಕ ಬಚಾವಾಗುತ್ತಿದ್ದಳು. ಒಂದು ಗಳಿಗೆ ಆ ಆಸೆಯೂ ಬಂತು. ಆದರೆ ಎದ್ದು ಹೋಗಿ ಮಡಚಿದ ಚೀಟಿ ತಂದಳು.

"ನೀನಲ್ಲ ಕಣೇ, ನಾನು. ಇದನ್ನ ಬಿಚ್ಚಲೂ ಇಲ್ಲ. ಉಪವಾಸ ಕೆಡವಿದೆ."

ತಂಗಿ ಚೀಟಿಯನ್ನು ಅಕ್ಕನ ಕಡೆಗೇ ತಳ್ಳಿದಳು. "ಈಗಾದ್ರೂ ಓದಕ್ಕ" ಎಂದಳು.

ಅಕ್ಕ ಕನ್ನಡಕ ಹಾಕಿಕೊಂಡಳು. ತಂಗಿಯ ದುಂಡಗಿನ ಅಕ್ಷರ. ಮೊದಲ ಸಾಲೇ ಹೀಗಿತ್ತು: "ಅಕ್ಕ, ಇದು ನಿನ್ನ ವಾರ್ಡಿನ ಹಾಗಲ್ಲ. ಬೆಣ್ಣೆ ಕೇಳಿದಾಗೆಲ್ಲ ಹುಲ್ಲು ಕೊಡು."