ಒಂದೇ ಹೆಸರಿನ ಠೇವಣಿ

ಹರಪನಹಳ್ಳಿ ಸೀಮೆಯ ಅರಸೀಕೆರೆ ಪಕ್ಕದ ಹಟ್ಟಿಯಲ್ಲಿ ನಾಲ್ವರು ಹೆಂಗಸರು ತಮ್ಮ ಕುರಿಗಳನ್ನು ಒಂದೇ ಹಿಂಡು ಮಾಡಿ ಕಾಯುತ್ತಿದ್ದರು. ಮರಿ ಮಾರಿದ ದುಡ್ಡನ್ನೂ ಹಾಗೆಯೇ ಒಟ್ಟಿಗೆ ಇಡುತ್ತಿದ್ದರು. ಹಿಂಡು ಒಡೆದರೆ ಏಳಿಗೆಯಿಲ್ಲ ಎಂಬುದು ಅವರ ನಂಬಿಕೆ. ಹಿರಿಯಳೆಂದು ಹರಪನಹಳ್ಳಿಯ ಸಹಕಾರಿ ಬ್ಯಾಂಕಿನ ಠೇವಣಿಗೆ ಕರಿಯಕ್ಕನ ಹೆಸರು ಕೊಟ್ಟಿದ್ದರು. ಒಬ್ಬೊಬ್ಬರದು ಮೂರು ಲಕ್ಷ, ಒಟ್ಟು ಹನ್ನೆರಡು.

ಬ್ಯಾಂಕು ಮುಳುಗಿತು. ಅದೇ ಹೊತ್ತಿಗೆ ನಾಲ್ವರಲ್ಲೊಬ್ಬಳಾದ ಮಂಜಮ್ಮನ ಗಂಡ ಯರ್ರೆಪ್ಪ ಎದೆನೋವಿನಿಂದ ದಾವಣಗೆರೆಯ ಆಸ್ಪತ್ರೆ ಸೇರಿದ್ದ. ಆಪರೇಷನ್ನಿಗೆ ಮೂರು ಲಕ್ಷ ಕೇಳಿದ್ದರು.

"ಒಂದು ಹೆಸರಿಗೆ ಐದು ಲಕ್ಷದ ತನಕ ವಿಮೆ ಐತಬೇ," ಎಂದ ಮ್ಯಾನೇಜರ್ ಶ್ರೀನಾಥ, ವಿಚಾರಿಸಲು ಬಂದ ಕರಿಯಕ್ಕನಿಗೆ.

"ಇದು ನಾಕು ಮಂದೀದ್ರೀ."

"ಖಾತೆದಾಗ ನೀ ಒಬ್ಬಾಕಿನ ಅದೀಯಲ್ಲ. ಬ್ಯಾರೆ ಬ್ಯಾರೆ ನಾಕು ಹೆಸರಿಲೆ ಇಟ್ಟಿದ್ರ ಪೂರಾ ಬರ್ತಿತ್ತು."

"ಐದು ಅಂತ ಯಾರು ಗೊತ್ತು ಮಾಡ್ಯಾರ್ರೀ?"

"ದಿಲ್ಲಿಯಾಗ. ಮೊದ್ಲು ಒಂದ ಲಕ್ಷ ಇತ್ತು. ಐದಾದ್ರ ಬಾಳ ಮಂದಿಗೆ ಸಾಕು ಅಂದಾರ."

"ಒಬ್ರಿಗೆ ಸಾಕು ಬಿಡ್ರಿ," ಎಂದು ಕರಿಯಕ್ಕ ಎದ್ದಳು.

ಮೂರು ತಿಂಗಳು ಕಾದ ಮೇಲೆ ಐದು ಲಕ್ಷ ಬಂತು. ಅಲ್ಲಿಯ ತನಕ ಯರ್ರೆಪ್ಪ ಗುಳಿಗೆಗಳ ಮೇಲೆಯೇ ಜೀವ ಹಿಡಿದಿದ್ದ. ಸಮನಾಗಿ ಹಂಚಿದರೆ ಒಬ್ಬರಿಗೆ ಒಂದೂಕಾಲು. ಅದರಲ್ಲಿ ಯರ್ರೆಪ್ಪ ಉಳಿಯುವುದಿಲ್ಲ. ಕರಿಯಕ್ಕ ಯಾರನ್ನೂ ಕೇಳದೆ ಮಂಜಮ್ಮನ ಸೆರಗಿಗೆ ಮೂರು ಲಕ್ಷ ಹಾಕಿ ದಾವಣಗೆರೆ ಬಸ್ಸು ಹತ್ತಿಸಿದಳು. ಉಳಿದ ಎರಡು ಲಕ್ಷದಲ್ಲಿ ನಾದಿನಿ ಪಕ್ಕೀರಮ್ಮನಿಗೂ ಹುಲುಗಮ್ಮನಿಗೂ ಒಂದೊಂದು ಕೊಟ್ಟಳು. ತನಗೆ ಏನೂ ಇಟ್ಟುಕೊಳ್ಳಲಿಲ್ಲ.

ಹುಲುಗಮ್ಮ ಕಣ್ಣೊರೆಸಿಕೊಂಡು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡಳು. ಪಕ್ಕೀರಮ್ಮ ಜಗಳಕ್ಕೆ ನಿಂತಳು.

"ದಾನಶೂರಿ ಆದೆಲ್ಲ ಅತ್ತಿಗಿ, ಮಂದಿ ರೊಕ್ಕದಾಗ."

"ಗಂಡಸು ಸಾಯಾಕತ್ತಿದ್ದ ಪಕ್ಕೀರಿ."

"ನಾ ಮನಿಗೆ ಪಾಯ ಹಾಕಿ ಗುಡಿಸಲದಾಗ ಕುಂತೀನಿ. ನನ್ನ ಒಂದು ಮಾತು ಕೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನು?"

"ಕೇಳಿದ್ರ ಒಲ್ಲೆ ಅಂತಿದ್ದಿ."

"ಹೂಂ, ಅಂತಿದ್ದೆ. ಅನ್ನೋ ಹಕ್ಕು ನಂದು. ಅದನ್ನೂ ನಿನ್ನ ಹೆಸರಿಗೆ ಬರಕೊಂಡೆ."



ಮರುದಿನ ಪಕ್ಕೀರಮ್ಮ ತನ್ನ ಕುರಿಗಳನ್ನು ಹಿಂಡಿನಿಂದ ಬೇರೆ ಮಾಡಿದಳು. ದಾವಣಗೆರೆಯಿಂದ ಇನ್ನೂ ಫೋನು ಬಂದಿರಲಿಲ್ಲ. ಹಟ್ಟಿ ದಾಟುವಷ್ಟರಲ್ಲಿ ಕುರಿಗಳು ತಿರುಗಿ ಹಳೆಯ ಹಿಂಡಿಗೇ ನುಗ್ಗಿದವು. ಮತ್ತೆ ಬೇರೆ ಮಾಡಿದಳು, ಮತ್ತೆ ನುಗ್ಗಿದವು. ಪಕ್ಕೀರಮ್ಮ ಕೋಲು ಊರಿ ದಾರಿಯಲ್ಲೇ ಕುಳಿತು ಅತ್ತಳು. ಕೊನೆಗೆ ಕರಿಯಕ್ಕನೇ ಅಡ್ಡ ನಿಂತು, ತಾನೂ ಹಾಲೂಡಿಸಿ ಬೆಳೆಸಿದ ಆ ಕುರಿಗಳ ಮುಖಕ್ಕೆ ಕಂಬಳಿ ಬೀಸಿ ಬೀಸಿ ಪಕ್ಕೀರಮ್ಮನ ಕಡೆಗೆ ಓಡಿಸಿದಳು.